ಚಟ್ನಿಗೆ ಬಿದ್ದ ಉಲ್ಕೆ

ತೀರ್ಥಹಳ್ಳಿಗೆ ಹೊರಟ ಬಸ್ಸು ಹೊಸನಗರದಲ್ಲಿ ಕಾಫಿಗೆ ನಿಂತಿತು. ಹೋಟೆಲಿನಲ್ಲಿ ನನ್ನೆದುರು ಕೂತವರು ಹೊಸದಾಗಿ ಮದುವೆಯಾದ ಗಂಡ ಹೆಂಡತಿ. ಹುಡುಗ ಹೈಸ್ಕೂಲು ಮೇಷ್ಟ್ರೆಂದು ಹೋಟೆಲಿನವರ ಮಾತಿನಿಂದ ತಿಳಿಯಿತು. ಸಾಗರದಿಂದ ಇಲ್ಲಿಯವರೆಗೆ ಇಬ್ಬರೂ ತುಟಿ ಬಿಚ್ಚಿರಲಿಲ್ಲ. ಹಿಂದಿನ ಸೀಟಿನಲ್ಲಿದ್ದ ನನಗೇ ಸಂಕಟವಾಗಿತ್ತು.

ಗೋಳಿಬಜೆ ಬಂತು. ಆ ಗುಂಡು ಬಜೆ ನೋಡಿ ಏನು ಹೊಳೆಯಿತೋ, ಮೇಷ್ಟ್ರು ಬಾಯಿಬಿಟ್ಟರು.

"ಹಿಂದೊಂದು ಕಾಲದಲ್ಲಿ ಆಕಾಶದಿಂದ ಗುಡ್ಡಕ್ಕಿಂತ ದೊಡ್ಡ ಕಲ್ಲು ಬಿತ್ತಂತೆ. ಡೈನೋಸಾರ್‌ಗಳು ಸತ್ತಿದ್ದು ಅದರಿಂದ್ಲೇ ಅಂತ ಈಗ ಹೇಳ್ತಿದಾರೆ. ನೋಡು, ಹೀಗೆ."

ಬಜೆಯೊಂದನ್ನು ಎತ್ತರದಿಂದ ಚಟ್ನಿಗೆ ಬಿಟ್ಟರು. ಚಟ್ನಿ ಸಿಡಿದು ಅವಳ ಹೊಸ ಸೀರೆಯ ಸೆರಗಿಗೆ ಹಾರಿತು. ಮೇಷ್ಟ್ರ ಮುಖ ಸಣ್ಣದಾಯಿತು.

ಅವಳು ಸೆರಗು ನೋಡಿಕೊಂಡಳು. "ಆ ಕಲ್ಲಿನ ಧೂಳೂ ಹೀಗೇ ಹಾರಿತ್ತಾ?"

"ಭೂಮಿ ತುಂಬ ಹಾರಿತ್ತಂತೆ. ಮಣ್ಣಿನೊಳಗೆ ಅದರ ಗೆರೆ ಇವತ್ತಿಗೂ ಉಳಿದಿದೆ," ಎಂದರು ಮೆಲ್ಲಗೆ. "ನೀರು ತರ್ತೀನಿ, ಒರೆಸ್ಕೋ."

"ಇರ್ಲಿ ಬಿಡಿ. ಆಮೇಲೆ ಎಂತ ಆಯ್ತು, ಹೇಳಿ."

ಬಸ್ಸು ಮತ್ತೆ ಹೊರಟಿದೆ. ಮುಂದಿನ ಸೀಟಿನಲ್ಲಿ ಮೇಷ್ಟ್ರ ಮಾತು ಇನ್ನೂ ನಿಂತಿಲ್ಲ. ಅವಳ ಸೆರಗಿನ ಮೇಲೆ ಚಟ್ನಿ ಹಾಗೇ ಒಣಗುತ್ತಿದೆ.