ಗೂಟದ ಕೆಳಗಿನ ಹಂಚಿನ ಚೂರು

ಧಾರವಾಡ ಸೀಮೆಯ ಒಕ್ಕಲುತನ ಖಾತೆಯ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯುವುದಾದರೆ, ಅದರಲ್ಲಿ ದೊಡ್ಡ ಸಾಹೇಬರ ಹೆಸರುಗಳು ತಾವಾಗಿಯೇ ಬಂದು ಕೂಡುತ್ತವೆ. ಆದರೆ ಎರೆಹೊಲದ ಮಣ್ಣು ಮಳೆಗೆ ಕೊಚ್ಚಿ ಹೋಗದಂತೆ, ಊರ ಕೆರೆಯ ನೀರು ರಾಡಿಯಾಗದಂತೆ, ಇಳಿಜಾರಿಗೆ ಅಡ್ಡಲಾಗಿ ಒಡ್ಡು ಹಾಕಿಸಿ, ಅದಕ್ಕೆಂದು ಸರಕಾರ ಕೊಡುವ ಸಹಾಯಧನವನ್ನು ರೈತನ ಕೈಗೇ ಮುಟ್ಟಿಸಿದ ಕಾಮಗಾರ, ಅಂದರೆ ಹೊಲ ತಿರುಗುವ ಕಿರಿಯ ನೌಕರ, ಶ್ರೀ ಗೌಸಮೊದ್ದೀನ ಹೆಬಸೂರ ಅವರ ಹೆಸರನ್ನು ನಾವೇ ನೆನಪಿಟ್ಟು ಸೇರಿಸಬೇಕಾದೀತು. ಇಪ್ಪತ್ತೇಳು ವರ್ಷ ದುಡಿದು ಈ ೧೯೪೮ರ ಮಾರ್ಚಿನಲ್ಲಿ ನಿವೃತ್ತರಾಗುತ್ತಿರುವ ಅವರು, ಯಾವ ಹುದ್ದೆಗೆ ಸೇರಿದರೋ ಅದೇ ಹುದ್ದೆಯಿಂದ ಮನೆಗೆ ಹೋಗುತ್ತಿದ್ದಾರೆ. ಅದು ಹೇಗಾಯಿತೆಂದು ಹೇಳುವುದೇ ಈ ಲೇಖನದ ಕೆಲಸ.

ಅಭಿನಂದನ ಗ್ರಂಥಗಳ ಹೊಗಳಿಕೆಯನ್ನು ಓದುಗರು ಅರ್ಧ ಕಳೆದೇ ಓದುತ್ತಾರೆ. ಓದಲಿ, ಬೇಸರವಿಲ್ಲ. ಈ ಸಂಗತಿಯನ್ನು ಹೇಳಿ ಬರೆಸಿದವನು ಸಂಶಯದಲ್ಲಿ ಅಂಥ ಓದುಗರಿಗೆಲ್ಲ ಹಿರಿಯಣ್ಣ. ಅವನೇ ಚಿಕ್ಕಗುಂಜಾಳದ ರೈತ ಫಕೀರಪ್ಪ ಮುದ್ದಣ್ಣವರ; ಬಾವಿಯಿಂದ ಸೇದಿದ ನೀರನ್ನೂ ಮೂಸಿ ನೋಡಿ ಕುಡಿಯುವ ಆಸಾಮಿ. ಹುಬ್ಬಳ್ಳಿಯ ಅರಳೆ ಪೇಟೆಗೆ ಹೋದರೆ ತಕ್ಕಡಿಯ ಜೊತೆಗೆ ತಕ್ಕಡಿ ಹಿಡಿದವನ ಮೊಣಕೈಯನ್ನೂ ನೋಡುತ್ತ ನಿಲ್ಲುತ್ತಾನೆ.

ಗೌಸಮೊದ್ದೀನ ಸಾಹೇಬರು ೧೯೨೧ರಲ್ಲಿ ಖಾತೆಗೆ ಸೇರಿದಾಗ ಅವರಿಗೆ ಹತ್ತಿಬೀಜ ಹಂಚುವ ಕೆಲಸವಿತ್ತು. ಚೀಲಕ್ಕೊಂದು ಹಿಡಿಯಂತೆ ಬೀಜ ತೆಗೆದು, ತೋಯಿಸಿದ ಗೋಣಿತಟ್ಟಿನಲ್ಲಿ ಸುತ್ತಿ ಮೊಳಕೆ ಬರಿಸಿ ನೋಡಿದ ಹೊರತು ಒಂದು ಚೀಲವನ್ನೂ ಅವರು ರೈತನ ಗಾಡಿಗೆ ಹೇರಗೊಡಲಿಲ್ಲ. ಇದರಿಂದ ಕೆಲವು ವ್ಯಾಪಾರಿಗಳ ಕೆಂಗಣ್ಣಿಗೂ ಗುರಿಯಾದರು. ೧೯೪೨ರಲ್ಲಿ ಅವರನ್ನು ಒಡ್ಡಿನ ಕೆಲಸಕ್ಕೆ ಹಾಕಿದರು. ಮರುವರ್ಷದ ಬೇಸಿಗೆಯಲ್ಲಿ ಒಂದು ಸೈಕಲ್ಲು, ಮೂರು ಕಾಲಿನ ಮೇಲೆ ನಿಲ್ಲಿಸುವ ದುರ್ಬೀನು ಮತ್ತು ಬಾಯಿ ಕಟ್ಟಿದ ಒಂದು ಸಣ್ಣ ಚೀಲದೊಂದಿಗೆ ಚಿಕ್ಕಗುಂಜಾಳಕ್ಕೆ ಬಂದರು.

ಕಾಲವೂ ಸಂಶಯದ್ದೇ ಆಗಿತ್ತು. ಯುದ್ಧ ನಡೆಯುತ್ತಿತ್ತು, ಲೆವಿಯೆಂದು ಜೋಳವನ್ನು ಅಳೆದು ಒಯ್ಯುತ್ತಿದ್ದರು, ಸೀಮೆಎಣ್ಣೆಗೂ ಚೀಟಿ ಬೇಕಾಗಿತ್ತು. ಇಂಥ ಹೊತ್ತಿನಲ್ಲಿ ಸರಕಾರ ತಾನಾಗಿ ಬಂದು ನಿಮ್ಮ ಹೊಲದ ಮಣ್ಣು ಉಳಿಸಲಿಕ್ಕೆ ಖರ್ಚಿನ ಪಾಲು ಕೊಡುತ್ತೇನೆಂದರೆ ನಂಬುವವರಾದರೂ ಯಾರು? ಹೊಲದಲ್ಲಿ ವಿಮಾನ ಇಳಿಸುತ್ತಾರೆಂದು ಒಬ್ಬರೆಂದರೆ, ಒಡ್ಡು ಹಾಕಿದ ಮೇಲೆ ಕಂದಾಯ ಏರುತ್ತದೆಂದು ಇನ್ನೊಬ್ಬರೆಂದರು. ಫಕೀರಪ್ಪ ಎರಡನ್ನೂ ನಂಬಿದ.

"ನನ್ನ ಮಣ್ಣು ಹರದು ಹೋದ್ರ ಸರಕಾರದ ಗಂಟೇನ ಹೊಕ್ಕೈತಿ?" ಎಂದು ಹೆಂಡತಿ ಶೇವಂತೆವ್ವನನ್ನು ಕೇಳಿದ. "ಸುಮ್ಮ ಸುಮ್ಮನ ಯಾರರ ರೊಕ್ಕಾ ಕೊಡ್ತಾರೇನ?"

"ಕೆರಿ ನೀರು ವರ್ಷಾ ವರ್ಷಾ ರಾಡಿ ಆಗಾಕತ್ತೈತಿ. ತರಾಕ ಹೋಗಾಕಿ ನಾನು. ಒಡ್ಡ ಹಾಕಸ್ರಿ," ಎಂದಳು ಆಕೆ.

ಹದಿಮೂರು ಮನೆತನದವರು ಅರ್ಜಿಗೆ ಸಹಿ ಹಾಕಿದ ಮೇಲೆ, ಇದರಲ್ಲಿ ಏನಾದರೂ ಲಾಭವಿದ್ದರೆ ತಾನೊಬ್ಬನೇ ತಪ್ಪಿಸಿಕೊಂಡಂತಾದೀತೆಂದು ಫಕೀರಪ್ಪನೂ ಸಹಿ ಹಾಕಿದ. ಕರಾರು ಸ್ಪಷ್ಟವಾಗಿತ್ತು: ಗೂಟ ಹೊಡೆದ ಗೆರೆಯ ಮೇಲೆಯೇ ಒಡ್ಡು ಏಳಬೇಕು, ಊರವರು ಯಾರಾದರೂ ಗೂಟ ಮುಟ್ಟಿದರೆ ಇಡೀ ಊರಿನ ಸಹಾಯಧನ ರದ್ದು.

ಸಾಹೇಬರು ದುರ್ಬೀನು ನಿಲ್ಲಿಸಿ ಮಟ್ಟ ನೋಡುತ್ತಿರುವಾಗ ಫಕೀರಪ್ಪ ತಾನೂ ನೋಡಬೇಕೆಂದು ಹಟ ಹಿಡಿದ. ಅವರು ನಗುತ್ತ ಬದಿಗೆ ಸರಿದರು. ಆ ಮಾದರಿಯ ದುರ್ಬೀನಿನಲ್ಲಿ ಎದುರಿನದೆಲ್ಲ ತಲೆಕೆಳಗಾಗಿಯೇ ಕಾಣುತ್ತದೆ. ಫಕೀರಪ್ಪನ ಕಣ್ಣಿಗೆ ಬಿದ್ದದ್ದು ಅವನ ದಾಯಾದಿ, ಕೆಳಗಿನ ಹೊಲದ ಲಕ್ಕಪ್ಪ: ಕಾಲು ಮೇಲೆ, ರುಮಾಲು ಕೆಳಗೆ.

"ಇದು ಖರೇ ತೋರಸೂ ಸಾಮಾನಲ್ಲ," ಎಂದು ಅವನು ಅಲ್ಲಿಯೇ ತೀರ್ಮಾನಿಸಿಬಿಟ್ಟ.

ಗೂಟಗಳ ಸಾಲು ಆ ತೀರ್ಮಾನವನ್ನು ಗಟ್ಟಿ ಮಾಡಿತು. ಹೊಲದ ನಡುವಿನ ತಗ್ಗಿಗೆ ಬಂದೊಡನೆ ಗೆರೆ ಬಾಗಿ, ನಾಲ್ಕು ಮಾರು ಫಕೀರಪ್ಪನ ಹೊಲದೊಳಕ್ಕೆ ಬಂದು, ಮತ್ತೆ ಹೊರಗೆ ಹೋಗಿತ್ತು. ಮಟ್ಟದ ಗೆರೆ ನೀರಿನ ಮಾತು ಕೇಳುತ್ತದೆಯೇ ಹೊರತು ಹೊಲದ ಗಡಿ ತೋರುವ ಹದ್ದಿನ ಕಲ್ಲಿನ ಮಾತು ಕೇಳುವುದಿಲ್ಲ. ಆದರೆ ತಲೆತಲಾಂತರದಿಂದ ಎರಡು ಹೊಲಗಳ ನಡುವಿನ ಬದುವೆಂದರೆ ಹದ್ದೆಂದೇ ತಿಳಿದ ಮನುಷ್ಯನಿಗೆ, ಒಡ್ಡಿನ ಆಚೆ ಉಳಿಯುವ ನೆಲವೆಲ್ಲ ಲಕ್ಕಪ್ಪನ ಪಾಲಾದಂತೆಯೇ ಕಂಡಿತು. ಅದರಲ್ಲೂ ಹಿಂದಿನ ದಿನ ಸಾಹೇಬರು ಲಕ್ಕಪ್ಪನ ಮನೆಯ ಮಜ್ಜಿಗೆ ಕುಡಿದದ್ದನ್ನು ಫಕೀರಪ್ಪ ಕಣ್ಣಾರೆ ಕಂಡಿದ್ದ. ಲೆಕ್ಕ ಕೂಡಿತು ಎಂದುಕೊಂಡ.

ಎರಡು ದಿನಗಳಲ್ಲಿ ಸಾಹೇಬರಿಗೆ ಥಂಡಿಜ್ವರ ಬಂದು ಕೇಶ್ವಾಪುರದ ತಮ್ಮ ಮನೆಯಲ್ಲಿ ಮಲಗಿದರು. ಎತ್ತು ಹೊಡೆದುಕೊಂಡು ಹೋದ ಒಂದು ಬೆಳಿಗ್ಗೆ ಫಕೀರಪ್ಪ ತಗ್ಗಿನ ಏಳು ಗೂಟಗಳನ್ನು ಕಿತ್ತು, ಹದ್ದಿನ ಕಲ್ಲುಗಳ ನೇರಕ್ಕೆ ಸಾಲಾಗಿ ಹೊಡೆದ. ಮಣ್ಣು ಕೆಲಸದವರು ಬಂದರು, ಗೂಟ ಕಂಡಲ್ಲಿ ಒಡ್ಡು ಏರಿಸಿದರು, ಹೋದರು. ನೋಡಲಿಕ್ಕೆ ಒಡ್ಡು ನೆಟ್ಟಗೆ, ಬಲು ಅಂದವಾಗಿತ್ತು.

ಜೂನಿನ ಎರಡನೆಯ ಮಳೆಗೆ ಮೇಲಿನ ಹೊಲಗಳ ನೀರೆಲ್ಲ ಬಂದು ತಗ್ಗಿನಲ್ಲಿ ಮಡುಗಟ್ಟಿ, ಆ ಅಂದದ ಒಡ್ಡನ್ನು ಒಡೆದುಕೊಂಡು ನುಗ್ಗಿತು. ಫಕೀರಪ್ಪನ ಹೊಲದ ಮೇಲ್ಮಣ್ಣು, ಲಕ್ಕಪ್ಪನ ಹೊಲದ ಮೊಳಕೆ ಎರಡೂ ಕೂಡಿ ಕುಡಿಯುವ ನೀರಿನ ಕೆರೆಗೆ ಇಳಿದವು. ಶೇವಂತೆವ್ವ ತುಂಬಿಟ್ಟ ಕೊಡ ಮಧ್ಯಾಹ್ನದ ಹೊತ್ತಿಗೆ ತಿಳಿಯಾಯಿತು. ಆಕೆ ನೀರು ಬಸಿದು, ತಳದಲ್ಲಿ ನಾಲ್ಕು ಬೆರಳು ನಿಂತ ಕರಿಮಣ್ಣನ್ನು ಗಂಡನ ಮುಂದಿಟ್ಟಳು.

"ಹೊಲಕ್ಕ ಹೋಗೂದು ಬ್ಯಾಡ್ರಿ ಇನ್ನ. ಹೊಲಾನ ಕೊಡದಾಗ ಬಂದೈತಿ."

ಗೂಟದ ಸಂಗತಿ ಆಕೆಗೆ ಗೊತ್ತಿರಲಿಲ್ಲ. ಫಕೀರಪ್ಪನಿಗೆ ಅಂದು ಊಟ ಸೇರಲಿಲ್ಲ.

ಧಾರವಾಡದಿಂದ ಮೇಲಧಿಕಾರಿ ವಿಚಾರಣೆಗೆ ಬರುವ ದಿನ ಗೌಸಮೊದ್ದೀನ ಸಾಹೇಬರು ಒಂದು ತಾಸು ಮೊದಲೇ ಬಂದರು. ಜ್ವರದಿಂದ ಇಳಿದುಹೋಗಿದ್ದರು. ಫಕೀರಪ್ಪನ ಸಲಿಕೆ ಇಸಿದುಕೊಂಡು, ಒಡೆದ ಒಡ್ಡಿನ ಹತ್ತಿರವೂ ಹೋಗದೆ ನಾಲ್ಕು ಮಾರು ಒಳಗೆ ನಿಂತು ಅಗೆದರು. ಕರಿಮಣ್ಣಿನೊಳಗಿಂದ ಕೆಂಪು ಹಂಚಿನ ಮೂರು ಚೂರು ಹೊರಬಿದ್ದವು. ಬಾಯಿ ಕಟ್ಟಿದ ಚೀಲದಲ್ಲಿ ಇದ್ದದ್ದು ಇದೇ! ಗೂಟ ಹೊಡೆಯುವ ಮೊದಲು ಆ ಕುಣಿಗೆ ಮೂರು ಚೂರು ಹಾಕುವ ರೂಢಿಯನ್ನು ಅವರು ಭೂಮಿ ಅಳೆಯುವ ಮುಪ್ಪಿನ ಮೋಜಣಿದಾರನೊಬ್ಬನಿಂದ ಕಲಿತಿದ್ದರು. ಗೂಟ ಜಾಗ ಬಿಟ್ಟರೂ ಚೂರು ಬಿಡುವುದಿಲ್ಲ.

ಸಾಹೇಬರು ಫಕೀರಪ್ಪನ ಮುಖ ನೋಡಿದರು. ಫಕೀರಪ್ಪ ಸಲಿಕೆ ನೋಡಿದ. ಅವರು ಚೂರುಗಳನ್ನು ಕೋಟಿನ ಕಿಸೆಗೆ ಹಾಕಿಕೊಂಡು ಕುಣಿ ಮುಚ್ಚಿದರು.

ಅಧಿಕಾರಿ ಬಂದು ಕೇಳಿದಾಗ ಅವರು ಹೇಳಿದ್ದು ಇಷ್ಟು: "ಗೂಟ ಹೊಡಿಯೂದ್ರಾಗ ನನ್ನ ಕಣ್ಣು ತಪ್ಪೇತ್ರಿ, ಸಾಹೇಬ್ರ. ಊರವರ್ದೇನೂ ತಪ್ಪಿಲ್ಲ."

ಹದಿನಾಲ್ಕು ಮನೆತನದ ಸಹಾಯಧನ ಉಳಿಯಿತು. ಸಾಹೇಬರ ಸೇವಾಪುಸ್ತಕದಲ್ಲಿ 'ಕೆಲಸದಲ್ಲಿ ಅಜಾಗರೂಕತೆ' ಎಂಬ ಒಂದು ಸಾಲು ಬಿತ್ತು. ಆ ವರ್ಷ ಬರಬೇಕಾಗಿದ್ದ ಮೇಲ್ವಿಚಾರಕನ ಹುದ್ದೆ ಬರಲಿಲ್ಲ, ಆಮೇಲೆಯೂ ಬರಲಿಲ್ಲ.

ಇನ್ನೊಬ್ಬನಾಗಿದ್ದರೆ ಕಾಲು ಹಿಡಿಯುತ್ತಿದ್ದ. ಫಕೀರಪ್ಪನಿಗೆ ಮಾತ್ರ ಇನ್ನೂ ಹೆಚ್ಚಿನ ಸಂಶಯ ಬಂದಿತು. ನೌಕರಿಯ ಮೇಲೆ ಕಲ್ಲು ಎಳೆದುಕೊಂಡು ಒಬ್ಬನನ್ನು ಉಳಿಸುವವನು ಮುಂದೆ ಏನು ಕೇಳಬಹುದು? ಕೇಳುವ ಮೊದಲೇ ಮುಗಿಸಿಬಿಡೋಣವೆಂದು ಕೇಶ್ವಾಪುರಕ್ಕೆ ಒಂದು ಚೀಲ ಜೋಳ ಒಯ್ದ. ಸಾಹೇಬರ ಪತ್ನಿ ರೆಹಮತ್‌ಬಿಯವರು ಅವನಿಗೆ ಚಹಾ ಕೊಟ್ಟು, ಚೀಲವನ್ನು ಗಾಡಿಗೆ ತಿರುಗಿ ಹೊರಿಸಿದರು. ಜೋಳ ಬೇಡವೆಂದರೆ ಕಣ್ಣು ಹೊಲದ ಮೇಲೆಯೇ ಇರಬೇಕೆಂದುಕೊಂಡು ಫಕೀರಪ್ಪ ದಾರಿಯುದ್ದಕ್ಕೂ ಬೆವತ.

ಮರುವರ್ಷದ ಬೇಸಿಗೆಯಲ್ಲಿ ಒಡ್ಡು ತಿರುಗಿ ಹಾಕುವಾಗ ಸಾಹೇಬರು ದುರ್ಬೀನು ಹೊರಗೆ ತೆಗೆಯಲೇ ಇಲ್ಲ. "ಇಲ್ಲಿ ಅಗೀರಿ, ಇಲ್ಲಿ ಅಗೀರಿ," ಎನ್ನುತ್ತ ಹೋದರು. ಫಕೀರಪ್ಪ ಅಗೆದ. ಉಳಿದ ಆರು ಕಡೆಯೂ ಮೂರು ಮೂರು ಚೂರು ಸಿಕ್ಕವು. ಹದಿನೆಂಟು ಚೂರು ಅಂಗೈಯಲ್ಲಿ ಹಿಡಿದುಕೊಂಡು ಅವನು ಕೊನೆಗೆ ಬಾಯಿಬಿಟ್ಟ.

"ಸಾಹೇಬ್ರ, ಏನ ಬೇಕು ಹೇಳಿಬಿಡ್ರಿ. ನನಗ ನಿದ್ದಿ ಹತ್ತವಲ್ದು."

"ಬೇಕಾಗೇತ್ರಿ," ಎಂದರು ಸಾಹೇಬರು. ಫಕೀರಪ್ಪ ತನ್ನ ಹೊಲದ ಕಡೆ ತಿರುಗಿ ನೋಡಿದ. "ಮುಂದಿನ ಊರಿಗೆ ನನ್ನ ಸಂಗಾಟ ಬರ್ರಿ. ಒಡ್ಡಂದ್ರ ಹದ್ದಲ್ಲ ಅಂತ ನಾ ಹೇಳಿದ್ರ ಯಾರೂ ನಂಬೂದಿಲ್ಲ, ನಾ ಸರಕಾರದಾಂವ. ನಿಮ್ಮಂಥಾ ಸಂಶೇದ ಮನಷ್ಯಾ ಹೇಳಿದ್ರ ನಂಬತಾರ."

ಇದರಲ್ಲೂ ಏನೋ ಹೂಟ ಇದೆಯೆಂದುಕೊಂಡೇ ಫಕೀರಪ್ಪ ಹೋದ. ನಾಲ್ಕು ವರ್ಷಗಳಲ್ಲಿ ಹನ್ನೊಂದು ಊರು ತಿರುಗಿದ. ಹೂಟ ಸಿಗಲಿಲ್ಲ. ಇಂದು ಚಿಕ್ಕಗುಂಜಾಳದ ಕೆರೆಯ ನೀರಿನ ಕೊಡವನ್ನು ಬಸಿದರೆ ತಳದಲ್ಲಿ ಒಂದು ಬೆರಳು ಮಣ್ಣೂ ನಿಲ್ಲುವುದಿಲ್ಲ.

ಈ ಗ್ರಂಥದ ಸಮಿತಿ ಕೂಡಿದ ದಿನ ಫಕೀರಪ್ಪ ಕರೆಯದೆ ಬಂದು, ಪಂಚೆಯ ಗಂಟು ಬಿಚ್ಚಿ ಹದಿನೆಂಟು ಚೂರುಗಳನ್ನು ಮೇಜಿನ ಮೇಲೆ ಹರವಿದ. "ಬರೇ ನನ್ನ ಮಾತ ನಂಬಬ್ಯಾಡ್ರಿ, ಇವನ್ನ ನೋಡ್ರಿ," ಎಂದು ಮೊದಲಿನಿಂದ ಹೇಳಿದ. ಹೇಳಿ ಮುಗಿಸಿದ ಮೇಲೆ, ಬರೆದುಕೊಳ್ಳುತ್ತಿದ್ದ ಸಾಲೆಯ ಮಾಸ್ತರನಾದ ನನ್ನ ಮೇಲೂ ಅವನಿಗೆ ನಂಬಿಕೆ ಹುಟ್ಟಲಿಲ್ಲ: "ನೀವು ಕಲಿತವರು ನಯಾ ಮಾಡಿ ಬರೀತೀರಿ. ಓದಿ ತೋರಸ್ರಿ."

ಸೇವಾಪುಸ್ತಕದ ಆ ಸಾಲನ್ನು ಅಳಿಸುವ ಅಧಿಕಾರ ಈ ಸಮಿತಿಗಿಲ್ಲ. ಆದರೆ ಅದರ ಪಕ್ಕದಲ್ಲಿ ಇಡಲಿಕ್ಕೆ ಈ ಪುಟಗಳಿವೆ. ಶ್ರೀ ಗೌಸಮೊದ್ದೀನ ಸಾಹೇಬರು ನೂರು ಮಳೆಗಾಲ ಕಾಣಲಿ. ಪ್ರತಿ ಮಳೆಗಾಲದಲ್ಲೂ ಒಂದು ಸಲ ಸೈಕಲ್ಲು ಹತ್ತಿ ಬಂದು ತಮ್ಮ ಒಡ್ಡುಗಳ ಮೇಲೆ ನಡೆದಾಡಲಿ. ಶ್ರೀಮತಿ ರೆಹಮತ್‌ಬಿಯವರೊಡನೆ ಅವರ ಮನೆ ತಂಪಾಗಿರಲಿ ಎಂದು ಹದಿನಾಲ್ಕು ಮನೆತನಗಳ ಪರವಾಗಿ ಹಾರೈಸುತ್ತೇವೆ. ಕೆಳಗಿನ ಸಾಲುಗಳನ್ನು ಫಕೀರಪ್ಪ ತಾನೇ ಹೇಳಿ ಬರೆಸಿ, ಹೇಳಿದಂತೆಯೇ ಅಚ್ಚಾಗಬೇಕೆಂದು ಆಣೆ ಹಾಕಿಸಿಕೊಂಡು, ಸಹಿ ಹಾಕಿದ್ದಾನೆ.

"ಮ್ಯಾಲ ಬರದದ್ದು ಮೂರು ಸಲ ಓದಿಸಿ ಕೇಳೇನಿ, ಖರೇ ಐತಿ. ಸಾಹೇಬರ ಕಣ್ಣು ತಪ್ಪಿಲ್ಲ. ಗೂಟ ಕಿತ್ತಾಂವ ನಾನು. ಫಕೀರಪ್ಪ ಮುದ್ದಣ್ಣವರ, ಚಿಕ್ಕಗುಂಜಾಳ."