ಹಿಂದಕ್ಕೆ ತಿರುಗಿಸಿದ ಕುದುರೆ

ತುಬಚಿಯ ಏತ ನೀರಾವರಿಯ ನೀರು ನಮ್ಮ ದಾರಿಯ ಹೊಲಗಳಿಗೆ ಹರಿದ ಮೊದಲ ವರ್ಷ. ಆಗ ನಾನು ನಮ್ಮ ಕುರಿ ಬಿಡಾರದ ಹಿರಿಯಳು. ಗಂಡಸರು ಕುರಿ ಮೇಯಿಸುತ್ತ ಹಿಂದೆ ಬರುತ್ತಾರೆ. ಹೆಂಗಸರು ಕುದುರೆಯ ಮೇಲೆ ಪಾತ್ರೆ, ಕುರಿ ಕೂಡುವ ಬಲೆ, ಎಳೆ ಮರಿ ಹೇರಿಕೊಂಡು ಮುಂದೆ ಹೋಗಿ ರಾತ್ರಿಯ ಜಾಗ ಹಿಡಿಯುತ್ತೇವೆ. ಹೇರಿದ ಕುದುರೆಯನ್ನು ಹಿಂದಕ್ಕೆ ತಿರುಗಿಸಬಾರದು, ನಮ್ಮ ದೇವರು ಬೀರಪ್ಪ ಮುನಿಯುತ್ತಾನೆ ಎಂಬುದು ನಮ್ಮ ಕಟ್ಟಳೆ.

ಸಾಲೆಯ ನಕಾಶೆಯಲ್ಲಿ ದಖ್ಖನ್ನಿಗೆಲ್ಲ ಒಂದೇ ಬಣ್ಣ. ಕುರಿಗಾರರಿಗೆ ಅದು ಎರಡು ನಾಡು: ಕುರಿ ಮಲಗುವ ಒಣ ನಾಡು, ಗೊರಸು ಕೊಳೆಯುವ ಹಸಿ ನಾಡು. ಎರಡರ ಗಡಿಗೆ ಒಂದು ಜಾಲಿ ಮರವಿತ್ತು. ನನಗೆ ನನ್ನ ಅತ್ತೆ ತೋರಿಸಿದ್ದಳು. ಅದರಾಚೆ ಮಹಾರಾಷ್ಟ್ರದವರೆಗೂ ಒಣ ನೆಲ.

ಆ ವರ್ಷ ನಾವು ಅಲ್ಲಿ ತಲುಪಿದ ದಿನ ಮರ ಇತ್ತು, ಒಣ ನಾಡು ಇರಲಿಲ್ಲ. ಸುತ್ತಲೂ ಕಬ್ಬು, ನಡುವೆ ಕಾಲುವೆ. ಸೊಸೆ ರೇಣುಕಾ ಮೊಬೈಲಿನಲ್ಲಿ ನಕಾಶೆ ತೆಗೆದಳು.

“ಇದರಾಗ ಇನ್ನೂ ಬೀಳು ಭೂಮಿನ ತೋರಸಾಕತ್ತೈತ್ರಿ, ಅತ್ತಿ.”

“ಹಂಗಾರ ಕುರಿ ಅದರಾಗ ಮಲಗಸು.”

ಅಷ್ಟರಲ್ಲಿ ಹೊಲದ ರೈತ ಬಂದ. ಹಿಂದಿನ ವರ್ಷ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿಕೊಂಡು ಜೋಳ ಕೊಟ್ಟವನೇ.

“ಆಯಿ, ಕಾಲವಿ ದಂಡಿ ಹುಲ್ಲಿಗೆ ಮುಂಜಾನೆ ಎಣ್ಣಿ ಹೊಡದೇನಿ. ಕುರಿ ಬಾಯಿ ಹಾಕಿದ್ರ ಉಳಿಯಾಂಗಿಲ್ಲ.”

ಎಣ್ಣೆ ಎಂದರೆ ಕಳೆ ಸುಡುವ ವಿಷ. ನಾವು ಬಂದದ್ದೇ ಆ ದಂಡೆ ಹಿಡಿದು. ನಮ್ಮ ಹಿಂದೆ ಇಡೀ ಹಿಂಡು ಹಸಿದು ಬರುತ್ತಿತ್ತು. ಹಿಂಡಿನ ಜೊತೆಗಿದ್ದ ಮೈದುನ ಸಿದ್ದಪ್ಪ ಫೋನ್ ಎತ್ತಲಿಲ್ಲ. ನಾನೊಬ್ಬಳೇ ಓಡಿ ಕೂಗಿದರೆ ಹಸಿದ ಕುರಿ ಹುಲ್ಲು ಬಿಡುವುದಿಲ್ಲ. ಮರಿಯ ದನಿಗೆ ತಾಯಿ ಬಿಡುತ್ತದೆ. ಮರಿ ಇದ್ದದ್ದು ಕುದುರೆಯ ಮೇಲೆ.

“ತಿರುಗಸು,” ಎಂದೆ.

“ಬೀರಪ್ಪ ಮುನದರ?”

“ಅಂವನ್ನ ನಾ ನೋಡಕೋತೀನಿ. ನೀ ಹಗ್ಗ ಹಿಡಿ.”

ಕಾಲುವೆಯ ತಿರುವಿನಲ್ಲಿ ಮುಂದಿನ ಕುರಿಗಳು ಆಗಲೇ ಮೇಯುತ್ತಿದ್ದವು. ಕುದುರೆ ಕಂಡು ಸಿದ್ದಪ್ಪ ಕೋಲೆತ್ತಿದ.

“ತೆಲಿ ಕೆಟ್ಟೈತೇನ ವೈನಿ? ಬಿಡಾರ ಹಿಂದಕ್ಕ ತರತಾರೇನ?”

“ಹುಲ್ಲಿಗೆ ವಿಷ ಹೊಡದಾರಲೇ! ಬೈಯೂದು ಆಮ್ಯಾಲ ಬೈ.”

ಒಂದು ಮರಿಯ ಕಿವಿ ಹಿಂಡಿದೆ. ಅದು ಅರಚಿತು, ಉಳಿದ ಮರಿಗಳೂ ಅರಚಿದವು. ರೇಣುಕಾ ಕುದುರೆಯನ್ನು ದಂಡೆಯಿಂದ ಕೆಳಗಿನ ಬಂಡಿದಾರಿಗೆ ಇಳಿಸಿದಳು. ತಾಯಿ ಕುರಿಗಳು ಹುಲ್ಲು ಬಿಟ್ಟು ಹಿಂದೆ ಓಡಿದವು, ಅವುಗಳ ಹಿಂದೆ ಹಿಂಡೆಲ್ಲ.

ಮೊದಲು ಮೇಯ್ದ ಆರು ಕುರಿ ಬೆಳಗಾಗುವುದರೊಳಗೆ ಸತ್ತವು. ಕುದುರೆ ತಿರುಗಿಸಿದ್ದಕ್ಕೇ ಸತ್ತವು ಎಂದು ಸಿದ್ದಪ್ಪ ಇಂದಿಗೂ ಹೇಳುತ್ತಾನೆ. ಉಳಿದ ಹಿಂಡನ್ನು ಮೇಯಿಸುವವನೂ ಅವನೇ.

ಒಣ ನಾಡು ವರ್ಷವರ್ಷ ದೂರ ಸರಿಯುತ್ತಿದೆ. ಈಗ ಬಿಡಾರ ರೇಣುಕಾಳ ಕೈಯಲ್ಲಿದೆ. ಅವಳಿಗೆ ನಾನು ಗಡಿಯೆಂದು ಯಾವ ಮರವನ್ನೂ ತೋರಿಸಿಲ್ಲ. ನೆಲ ಕೆದರಿ ಕೈ ಇಟ್ಟು ನೋಡು ಎಂದಿದ್ದೇನೆ. ಹಸಿ ತಾಗಿದರೆ ಕುದುರೆ ತಿರುಗಿಸಬೇಕು, ದೇವರು ಮುನಿದರೂ ಸರಿ.