ಜೂನ್ ಒಂದರಂದು ಹುಟ್ಟಿದವರು

ಭದ್ರಾವತಿಯ ಸರ್ಕಾರಿ ಶಾಲೆಯೊಂದರಲ್ಲಿ ಮೂವತ್ತು ವರ್ಷ ಪಾಠ ಮಾಡಿದ ನಾನು ಎಷ್ಟು ಮಕ್ಕಳಿಗೆ ಹುಟ್ಟಿದ ದಿನ ಕೊಟ್ಟಿದ್ದೇನೋ ನನಗೇ ಗೊತ್ತಿಲ್ಲ. ಮಗುವನ್ನು ಸೇರಿಸಲು ಬಂದ ತಾಯಿಯನ್ನು ‘ಯಾವಾಗ ಹುಟ್ಟಿದ್ದು?’ ಎಂದು ಕೇಳಿದರೆ ‘ಭತ್ತ ಕೊಯ್ಯೋವಾಗ ಮೇಡಮ್’ ಎನ್ನುತ್ತಿದ್ದಳು. ದಾಖಲಾತಿ ಪುಸ್ತಕದಲ್ಲಿ ಹಾಗೆ ಬರೆಯಲಾಗುವುದಿಲ್ಲ. ಒಂದನೇ ತರಗತಿಗೆ ಹೊಂದುವ ವರ್ಷ ಹುಡುಕಿ ‘ಜೂನ್ ಒಂದು’ ಎಂದು ಬರೆದುಬಿಡುತ್ತಿದ್ದೆ. ಶಾಲೆ ಶುರುವಾಗುವ ದಿನವೇ ಹುಟ್ಟಿದ ದಿನವಾಗಿಬಿಡುತ್ತಿತ್ತು. ನನ್ನ ಹಿಂದಿನ ಮೇಷ್ಟ್ರುಗಳೂ ಹಾಗೇ ಮಾಡಿದ್ದರು. ಇದರಿಂದ ಯಾರಿಗೆ ಏನು ನಷ್ಟ ಎಂದುಕೊಂಡಿದ್ದೆ.

ನನ್ನ ಗಂಡನೂ ಜೂನ್ ಒಂದರಂದೇ ಹುಟ್ಟಿದವರು. ಅವರು ಚಿಕ್ಕಂದಿನಲ್ಲಿ ದನ ಕಾಯ್ದುಕೊಂಡಿದ್ದು, ಒಂಬತ್ತರ ಹತ್ತಿರ ಬಂದಾಗ ಶಾಲೆಯ ಮೆಟ್ಟಿಲು ಹತ್ತಿದರು. ಇಷ್ಟು ದೊಡ್ಡವನನ್ನು ಒಂದನೇ ತರಗತಿಯಲ್ಲಿ ಕೂರಿಸುವುದು ಹೇಗೆಂದು ಮೇಷ್ಟ್ರು ಮೂರು ವರ್ಷ ಇಳಿಸಿ ಆರು ಎಂದು ಬರೆದರು. ಅದೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೋಯಿತು, ಅಲ್ಲಿಂದ ಅವರು ಕೆಲಸಕ್ಕೆ ಸೇರಿದ ಕಾಗದದ ಮಿಲ್ಲಿನ ದಾಖಲೆಗೆ, ಅಲ್ಲಿಂದ ಆಧಾರ್ ಕಾರ್ಡಿಗೆ, ಕೊನೆಗೆ ಪಾಸ್‌ಪೋರ್ಟಿಗೆ. ನನ್ನ ನಾದಿನಿ ಮಾತ್ರ ಆಸ್ಪತ್ರೆಯಲ್ಲಿ ಹುಟ್ಟಿದವಳು. ಅವಳ ತಾರೀಖು ಪಕ್ಕಾ. ಹೀಗಾಗಿ ಕಾಗದದ ಪ್ರಕಾರ ತಂಗಿ ಏಪ್ರಿಲ್‌ನಲ್ಲಿ, ಅಣ್ಣ ಅದೇ ವರ್ಷದ ಜೂನ್‌ನಲ್ಲಿ ಹುಟ್ಟಿದ್ದಾರೆ. ಮನೆಯಲ್ಲಿ ಎಲ್ಲರೂ ಸೇರಿದಾಗ ನಾದಿನಿ ‘ಲೋ ತಮ್ಮಾ, ಅಕ್ಕನಿಗೆ ಕಾಫಿ ತಂದುಕೊಡು’ ಎಂದು ಇವರನ್ನು ಕಾಡುವುದಿತ್ತು. ಎಲ್ಲರೂ ನಗುತ್ತಿದ್ದೆವು, ಇವರೊಬ್ಬರನ್ನು ಬಿಟ್ಟು.

ಆಫ್ರಿಕಾದ ಘಾನಾದಿಂದ ಮೊದಲ ಫೋನ್ ಬಂದದ್ದು ಮೇ ತಿಂಗಳಲ್ಲಿ. ಆಗ ನಾವು ಶಿವಮೊಗ್ಗದ ಆಲ್ಕೊಳದಲ್ಲಿ ಮನೆ ಮಾಡಿ ಕೆಲವು ವರ್ಷಗಳಾಗಿದ್ದವು. ನಾನು ಸ್ವಯಂ ನಿವೃತ್ತಿ ತೆಗೆದುಕೊಂಡಿದ್ದೆ. ಇವರು ಕಾಗದದ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದವರು. ಮಿಲ್ಲು ನಿಂತ ಮೇಲೆ ಭದ್ರಾವತಿಯ ಕಾಗದನಗರದಲ್ಲಿದ್ದ ಮಿಲ್ಲಿನ ಕ್ವಾರ್ಟರ್ಸ್ ಬಿಟ್ಟು ಬಂದು, ಇಲ್ಲೊಂದು ವರ್ಕ್‌ಶಾಪಿನಲ್ಲಿ ಅಡಿಕೆ ಸುಲಿಯುವ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದರು. ಬೈದುಕೊಂಡೇ ಮಾಡುತ್ತಿದ್ದರು. ‘ಇದೂ ಒಂದು ಮೆಷಿನ್ನಾ, ಮಿಕ್ಸಿ ಇದ್ದಹಾಗಿದೆ’ ಎಂದು ಮನೆಗೆ ಬಂದು ನನ್ನೆದುರು ಗೊಣಗುತ್ತಿದ್ದರು.

ಫೋನ್ ಮಾಡಿದವರು ಮಿಲ್ಲಿನಲ್ಲಿ ಇವರ ಕೈಕೆಳಗೆ ಪಳಗಿದ ತೆಲುಗಿನವರೊಬ್ಬರು. ಈಗ ಘಾನಾದಲ್ಲಿ, ಸಮುದ್ರದ ಹತ್ತಿರದ ಊರೊಂದರ ಸಣ್ಣ ಕಾಗದದ ಕಾರ್ಖಾನೆಯಲ್ಲಿ ಮ್ಯಾನೇಜರ್. ಅಲ್ಲಿಗೆ ಹಳೆಯ ಕಾಗದದ ಯಂತ್ರವೊಂದನ್ನು ಬಿಡಿಬಿಡಿಯಾಗಿ ತರಿಸಿದ್ದರಂತೆ. ಇವರು ಇಪ್ಪತ್ತು ವರ್ಷ ಕೈಯಾಡಿಸಿದ ಮಾದರಿಯದೇ.

“ಅಣ್ಣಾ, ನೀವು ಬರ್ಲೇಬೇಕು. ಇಲ್ಲಿರೋ ಹುಡುಗ್ರಿಗೆ ಸ್ಕ್ರೀನ್ ನೋಡಿ ಓಡಿಸೋದಷ್ಟೇ ಗೊತ್ತು,” ಎಂದರು. “ಇಲ್ಲಿ ಮಳೆ ಎರಡು ಸಲ ಅಣ್ಣಾ. ದೊಡ್ಡ ಮಳೆ ಜುಲೈಗೆ ಮುಗಿಯುತ್ತೆ, ಸಣ್ಣ ಮಳೆ ಸೆಪ್ಟೆಂಬರ್‌ಗೆ ಶುರು. ಶೆಡ್ಡಿಗೆ ಇನ್ನೂ ಮೇಲ್ಛಾವಣಿ ಪೂರ್ತಿಯಾಗಿಲ್ಲ. ಆ ಮಧ್ಯದ ಆಗಸ್ಟ್‌ನಲ್ಲಿ ಬಂದು ಮೆಷಿನ್ ಕೂರಿಸಿಕೊಟ್ಟುಬಿಡಿ. ಅತ್ತಿಗೇನೂ ಕರ್ಕೊಂಡು ಬನ್ನಿ.”

ಫೋನ್ ಇಟ್ಟ ಮೇಲೆ ಇವರು ಸ್ವಲ್ಪ ಹೊತ್ತು ಅಂಗೈ ನೋಡಿಕೊಳ್ಳುತ್ತಾ ಕೂತರು. ಮಿಲ್ಲಿನ ದಿನಗಳಲ್ಲಿ ಇವರು ಸ್ಕ್ರೂಡ್ರೈವರಿನ ತುದಿಯನ್ನು ತಿರುಗುವ ಬೇರಿಂಗಿನ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ‘ಇದು ಹದಿನೈದು ದಿನ ಬರುತ್ತೆ, ಅಷ್ಟೆ’ ಎಂದರೆ ಹದಿನಾರನೆಯ ದಿನ ಅದು ಹೋಗುತ್ತಿತ್ತು. ಅಂಥವರನ್ನು ಯಾರೂ ಏನೂ ಕೇಳದೆ ಎಷ್ಟೋ ವರ್ಷವಾಗಿತ್ತು.

ಆಗಸ್ಟ್ ಎಂದರೆ ನಮ್ಮಲ್ಲಿ ಛತ್ರಿ ಒಣಗಲು ಜಾಗವಿಲ್ಲದ ಕಾಲ. ಆ ತಿಂಗಳಲ್ಲಿ ಮಳೆ ಬಿಡುವು ಕೊಡುವ ದೇಶವೂ ಇದೆ ಎಂದು ನಾನು ನಂಬಲಿಲ್ಲ. ಮಕ್ಕಳ ಹಳೆಯ ಅಟ್ಲಾಸ್ ತೆಗೆದು ನೋಡಿದೆ. ಪಾಸ್‌ಪೋರ್ಟು, ವೀಸಾ, ಸೊಳ್ಳೆಪರದೆ, ಮಲೇರಿಯಾ ಮಾತ್ರೆ ಎಂದು ಓಡಾಟ ಶುರುವಾಯಿತು. ಇವರು ಮಾತ್ರ ಒಂದು ಹಳೆಯ ನೋಟುಬುಕ್ಕಿನಲ್ಲಿ ಯಂತ್ರದ ಚಿತ್ರ ಬರೆಯುತ್ತಾ, ವರ್ಕ್‌ಶಾಪಿನವರು ಕರೆದರೂ ಹೋಗದೆ, ಮದುವೆ ಗೊತ್ತಾದ ಹುಡುಗನ ಹಾಗೆ ಓಡಾಡಿಕೊಂಡಿದ್ದರು. ನನಗೆ ಹೋಗುವ ಆಸೆ ಅಷ್ಟೇನೂ ಇರಲಿಲ್ಲ. ಆದರೆ ಇವರ ಮುಖ ನೋಡಿ ನಾನೂ ಚಟ್ನಿಪುಡಿ ಕುಟ್ಟಿದೆ.

ಎಡವಟ್ಟು ಶುರುವಾದದ್ದು ಒಂದು ಲಸಿಕೆಯಿಂದ. ಘಾನಾಗೆ ಹೋಗುವವರು ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡು ಹಳದಿ ಕಾರ್ಡ್ ತೋರಿಸಲೇಬೇಕು. ಹಾಕಿಸಿದ ಹತ್ತು ದಿನದ ನಂತರವಷ್ಟೇ ಆ ಕಾರ್ಡಿಗೆ ಬೆಲೆ. ನಮ್ಮ ವಿಮಾನ ಆಗಸ್ಟ್ ಮೊದಲ ವಾರದಲ್ಲಿ. ಬೆಂಗಳೂರಿನ ಲಸಿಕೆ ಕೇಂದ್ರದಲ್ಲಿ ನಮಗೆ ಸಿಕ್ಕ ದಿನ ಜುಲೈ ಮಧ್ಯದ ಒಂದು ಬುಧವಾರ. ಅದು ತಪ್ಪಿದರೆ ಇನ್ನೊಂದು ದಿನ ಯಾವಾಗ ಸಿಗುತ್ತದೋ ಹೇಳುವವರಿರಲಿಲ್ಲ.

ಆಲ್ಕೊಳ ಸರ್ಕಲ್ಲಿನ ಜೆರಾಕ್ಸ್ ಅಂಗಡಿಯಲ್ಲಿ ಆ ಕೇಂದ್ರದ ಸೂಚನೆಗಳ ಪ್ರಿಂಟ್ ತೆಗೆಸಿಕೊಂಡು, ಅಲ್ಲೇ ನಿಂತು ಓದಿದೆ. ಜೀವಂತ ವೈರಾಣುವನ್ನು ದುರ್ಬಲಗೊಳಿಸಿ ಮಾಡಿದ ಲಸಿಕೆ. ಅರವತ್ತು ದಾಟಿದವರಲ್ಲಿ ಅಪರೂಪಕ್ಕೆ ಪ್ರಾಣಕ್ಕೆ ಅಪಾಯವಾಗುವಂಥ ಪರಿಣಾಮಗಳಾಗಬಹುದು, ಅಂಥವರು ವೈದ್ಯರಿಗೆ ಮುಂಚೆಯೇ ತಿಳಿಸಬೇಕು ಎಂದಿತ್ತು. ಎರಡು ಸಲ ಓದಿದೆ. ಪಾಸ್‌ಪೋರ್ಟಿನಲ್ಲಿ ಇವರಿಗೆ ಐವತ್ತೊಂಬತ್ತು. ಅತ್ತೆ ನನಗೆ ಹೇಳಿದ ಲೆಕ್ಕದಲ್ಲಿ, ಬರುವ ಆಗಸ್ಟ್‌ನ ಆಶ್ಲೇಷ ಮಳೆಗೆ ಅರವತ್ತೆರಡು ತುಂಬುತ್ತದೆ.

ಮನೆಗೆ ಬಂದು ಆ ಹಾಳೆಯನ್ನು ಇವರ ಮುಂದಿಟ್ಟೆ. ಓದಿದರು. ಮಡಚಿ ನೋಟುಬುಕ್ಕಿನೊಳಗೆ ಇಟ್ಟುಕೊಂಡರು.

“ಅದು ಅರವತ್ತಾದವರಿಗೆ,” ಎಂದರು.

“ನಿಮಗೂ ಆಗಿದೆಯಲ್ರೀ.”

“ನನಗೆ ಐವತ್ತೊಂಬತ್ತು.”

ತಮಾಷೆ ಎಂದುಕೊಂಡು ಮುಖ ನೋಡಿದೆ. ತಮಾಷೆಯಲ್ಲ. “ಮೇಷ್ಟ್ರು ಬರೆದಿದ್ದು ನಿಮ್ಮ ಮೈಗೆ ಗೊತ್ತಾ? ರಕ್ತಕ್ಕೆ ಗೊತ್ತಾ?” ಎಂದು ನನ್ನ ಸ್ವರ ಏರಿತು. ನನಗೆ ಸಿಟ್ಟು ಬೇಗ ಬರುತ್ತದೆ. ಶಾಲೆಯಲ್ಲೂ ಅದೇ ಹೆಸರಿತ್ತು.

“ನೋಡು ಮಾರಾಯ್ತಿ, ಈಗ ಬೇರೆ ವಯಸ್ಸು ಹೇಳಿದ್ರೆ ಮಿಲ್ಲಿನ ಪಿಂಚಣಿಯಿಂದ ಹಿಡಿದು ಎಲ್ಲಾ ಎಳ್ಕೊಂಡು ಬರುತ್ತೆ. ಸುಳ್ಳು ವಯಸ್ಸು ಕೊಟ್ಟು ಕೆಲ್ಸ ಮಾಡ್ದ ಅಂತಾರೆ. ನನ್ ಮರ್ಯಾದೆ ಏನಾಗ್ಬೇಕು? ಒಂದು ಚುಚ್ಚುಮದ್ದು. ಸಾವಿರಾರು ಜನ ಹಾಕಿಸ್ಕೊತಾರೆ.”

“ಸರಿ, ಹಾಕಿಸ್ಕೊಳ್ಳಿ. ಡಾಕ್ಟರಿಗೆ ನಿಜ ಹೇಳಿ ಹಾಕಿಸ್ಕೊಳ್ಳಿ.”

“ಹೇಳಿದ್ರೆ ಕೊಡಲ್ಲ.”

ಅದಾದ ಮೇಲೆ ಎಂಟು ದಿನ ನಾವಿಬ್ಬರೂ ಊಟಕ್ಕೆ, ಸ್ನಾನಕ್ಕೆ ಬೇಕಾದಷ್ಟೇ ಮಾತಾಡಿದೆವು. ಹೊರಗೆ ಮಳೆ ಬಿಡದೆ ಹೊಯ್ಯುತ್ತಿತ್ತು. ಇವರು ಸೂಟ್‌ಕೇಸಿನಲ್ಲಿ ತಮ್ಮ ಸ್ಪ್ಯಾನರುಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಸುತ್ತಿ ಇಡುತ್ತಿದ್ದರು. ನಾನು ಅಡುಗೆಮನೆಯಲ್ಲಿ ನಿಂತು ಯೋಚಿಸುತ್ತಿದ್ದೆ. ಹೇಳಿದರೆ ಇವರ ಆಸೆ ಹೋಗುತ್ತದೆ. ಹೇಳದೆ ಇವರೇ ಹೋಗಿಬಿಟ್ಟರೆ? ನಾದಿನಿಗೆ ಫೋನ್ ಮಾಡಿ ಹೇಳಿಸೋಣವೆಂದುಕೊಂಡೆ. ತಂಗಿಯ ಬಾಯಲ್ಲಿ ಆ ವಯಸ್ಸಿನ ಮಾತು ಬಂದರೆ ಇವರು ಇನ್ನಷ್ಟು ಹಟ ಹಿಡಿಯುತ್ತಾರೆಂದು ಸುಮ್ಮನಾದೆ.

ಬುಧವಾರ ಬೆಳಗಿನ ರೈಲು ಹಿಡಿದೆವು. ಭದ್ರಾವತಿ ಬಂದಾಗ ಇವರು ಎದ್ದು ಬಾಗಿಲಿಗೆ ಹೋಗಿ ನಿಂತರು. ಕಾಗದನಗರ ಅಲ್ಲಿಂದ ಕಾಣುವುದಿಲ್ಲ. ಆದರೂ ಯಾವತ್ತೂ ಹಾಗೆ ನಿಲ್ಲುತ್ತಾರೆ. ಹಿಂದೆಲ್ಲ ಗಾಳಿ ಈ ಕಡೆ ಬೀಸಿದರೆ ಮಿಲ್ಲಿನ ಗಬ್ಬು ವಾಸನೆ ಬರುತ್ತಿತ್ತು, ನಾವು ಮೂಗು ಮುಚ್ಚಿಕೊಳ್ಳುತ್ತಿದ್ದೆವು. ಇವರು ವಾಪಸ್ ಬಂದು ಕೂತು, “ಏನೂ ವಾಸನೆ ಇಲ್ಲ,” ಎಂದರು. ಎಂಟು ದಿನದಲ್ಲಿ ಇವರಾಗಿ ಆಡಿದ ಮೊದಲ ಮಾತು ಅದು.

ಲಸಿಕೆ ಕೇಂದ್ರದಲ್ಲಿ ನಮ್ಮ ಮುಂದೆ ಎಂಟು ಜನರಿದ್ದರು. ಒಂದು ಸೀಸೆಯಲ್ಲಿ ಹತ್ತು ಜನರಿಗಾಗುವಷ್ಟು ಲಸಿಕೆ, ಒಡೆದರೆ ಸ್ವಲ್ಪ ಹೊತ್ತಿನಲ್ಲೇ ಮುಗಿಸಬೇಕಂತೆ. ನಾನು ಒಂಬತ್ತನೆಯವಳು, ಇವರು ಹತ್ತನೆಯವರು. ಇವರೇ ನನ್ನನ್ನು ಮುಂದೆ ನಿಲ್ಲಿಸಿದ್ದರು. ಮಧ್ಯವಯಸ್ಸಿನ ವೈದ್ಯೆಯೊಬ್ಬರು ನನ್ನ ಪಾಸ್‌ಪೋರ್ಟ್ ನೋಡಿ, ಮೊಟ್ಟೆ ತಿಂದರೆ ಅಲರ್ಜಿ ಆಗುತ್ತಾ, ದೊಡ್ಡ ಕಾಯಿಲೆ ಆಗಿತ್ತಾ ಎಂದು ಕೇಳಿದರು. ನನಗೆ ಐವತ್ತಾರು. ಯಾವ ತೊಂದರೆಯೂ ಇಲ್ಲ. ನರ್ಸ್ ತೋಳಿಗೆ ಚುಚ್ಚಿದರು, ಹಳದಿ ಕಾರ್ಡಿನ ಮೇಲೆ ನನ್ನ ಹೆಸರು ಬರೆದು ಮುದ್ರೆ ಒತ್ತಿದರು. ನಾನು ಹತ್ತಿಯನ್ನು ಒತ್ತಿ ಹಿಡಿದು ಪಕ್ಕಕ್ಕೆ ಸರಿದು ನಿಂತೆ.

ಇವರು ಕೂತರು. ಅಂಗಿಯ ತೋಳನ್ನು ಆಗಲೇ ಮೇಲಕ್ಕೆ ಸುತ್ತಿಕೊಂಡಿದ್ದರು.

“ಐವತ್ತೊಂಬತ್ತಾ?” ಎಂದರು ವೈದ್ಯೆ, ಪಾಸ್‌ಪೋರ್ಟ್ ನೋಡುತ್ತಾ.

“ಹೌದು.”

ಮೊಟ್ಟೆ, ಅಲರ್ಜಿ, ಕಾಯಿಲೆ. ಎಲ್ಲಕ್ಕೂ ಇಲ್ಲ ಎಂದರು. ಕೊಟ್ಟ ಮಾಹಿತಿ ನಿಜ ಎಂಬ ಹಾಳೆಗೆ ಸಹಿ ಮಾಡಿದರು. ಇವರ ಸಹಿ ಯಾವಾಗಲೂ ಅವಸರದ್ದು, ಆವತ್ತು ನಿಧಾನವಾಗಿ ಮಾಡಿದರು. ನರ್ಸ್ ಹತ್ತಿಯಿಂದ ತೋಳು ಒರೆಸಿದರು. ಆ ತೋಳು ನನಗೆ ಗೊತ್ತಿರುವ ತೋಳು. ಮೊಣಕೈಯ ಮೇಲೆ ಮಿಲ್ಲಿನ ಹಬೆ ತಾಗಿ ಸುಟ್ಟ ಕಲೆ ಇದೆ.

“ಅರವತ್ತೆರಡು ಡಾಕ್ಟ್ರೇ,” ಎಂದೆ.

ನರ್ಸಿನ ಕೈ ನಿಂತಿತು. ವೈದ್ಯೆ ನನ್ನನ್ನು ನೋಡಿ, ಪಾಸ್‌ಪೋರ್ಟ್ ನೋಡಿದರು. “ಇದರಲ್ಲಿ ಹಾಗಿಲ್ವಲ್ಲ.”

“ಅದು ಶಾಲೇಲಿ ಬರೆದಿದ್ದು. ನಾನೂ ಟೀಚರ್. ನಾನೂ ಹಾಗೇ ಬರೀತಿದ್ದೆ.”

ಇವರು ನನ್ನ ಕಡೆ ತಿರುಗಲಿಲ್ಲ. ಸುತ್ತಿದ್ದ ತೋಳನ್ನು ಬಿಚ್ಚಿ ಕೆಳಗೆ ಎಳೆದುಕೊಂಡು, ಗುಂಡಿ ಹಾಕಿಕೊಂಡರು. ವೈದ್ಯೆ ಬೈಯಲಿಲ್ಲ. “ಅರವತ್ತಾದವರಿಗೆ ಕೊಡಲೇಬಾರದು ಅಂತೇನಿಲ್ಲ. ಆದರೆ ಅಪಾಯ ಜಾಸ್ತಿ. ಹೋಗಲೇಬೇಕಾದ ಪ್ರಯಾಣವಾ ಅಂತ ಇಬ್ರೂ ಹೊರಗೆ ಕೂತು ಮಾತಾಡಿ. ಬೇಕು ಅಂದ್ರೆ ಪರೀಕ್ಷೆ ಮಾಡಿ ಕೊಡ್ತೀನಿ. ಅರ್ಧ ಗಂಟೆ ಟೈಮಿದೆ. ಆಮೇಲೆ ಸೀಸೆ ಉಳಿಯಲ್ಲ,” ಎಂದರು.

ಹೊರಗಿನ ಬೆಂಚಿನ ಮೇಲೆ ಕೂತೆವು. ಕೊಡುವುದೇ ಇಲ್ಲ ಎಂದಿದ್ದರೆ ನನಗೆ ಹಗುರವಾಗುತ್ತಿತ್ತು. ಈಗ ನಿರ್ಧಾರ ನಮ್ಮ ಮೇಲೇ ಬಂದು ಬಿದ್ದಿತ್ತು. ಗೋಡೆಯ ಗಡಿಯಾರದಲ್ಲಿ ಹತ್ತು ನಿಮಿಷ ಹೋಯಿತು. ಇವರು ಬೈಯಲಿ ಎಂದು ಕಾದೆ. ನಲವತ್ತು ವರ್ಷ ಕಾಪಾಡಿಕೊಂಡು ಬಂದದ್ದನ್ನು ಗುರುತಿಲ್ಲದವರ ಮುಂದೆ ಒಡೆದುಹಾಕಿದ್ದೆ. ಬೈದರೆ ತಪ್ಪೇನಿರಲಿಲ್ಲ.

“ನಿಜ ಹೇಳು,” ಎಂದರು ಕೊನೆಗೆ. “ನನಗೆಷ್ಟು?”

ಅಣಕಿಸುತ್ತಿದ್ದಾರೆಂದುಕೊಂಡೆ. ಆದರೆ ಮುಖ ಹಾಗಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದರು. ಎಲ್ಲ ಅರ್ಜಿಯಲ್ಲೂ ಅದೇ ವಯಸ್ಸನ್ನು ಬರೆದು ಬರೆದು ಇವರಿಗೆ ತಮ್ಮದೇ ಲೆಕ್ಕ ತಪ್ಪಿಹೋಗಿತ್ತು. ನಾನು ಇದನ್ನು ಯೋಚಿಸಿಯೇ ಇರಲಿಲ್ಲ. ಇಷ್ಟು ದಿನ ಇವರು ಸುಳ್ಳು ಹೇಳುತ್ತಿದ್ದಾರೆಂದು ಸಿಟ್ಟು ಮಾಡಿಕೊಂಡಿದ್ದೆ.

ಮಗುವಿಗೆ ಹೇಳಿಕೊಡುವ ಹಾಗೆ ಬೆರಳು ಮಡಚಿ ಹೇಳಿದೆ. “ತಂಗಿಗೆ ಏಪ್ರಿಲ್‌ಗೆ ಐವತ್ತೊಂಬತ್ತಾಯ್ತು. ಅವಳು ಹೊಟ್ಟೇಲಿದ್ದಾಗ ನೀವು ಅತ್ತೆಯ ಸೆರಗು ಹಿಡ್ಕೊಂಡು ಓಡಾಡ್ತಿದ್ರಿ. ಎರಡು ಆಶ್ಲೇಷ ಮಳೆ ಕಂಡಿದ್ದ ಮಗು ಅಂತ ಅತ್ತೆ ಹೇಳ್ತಿದ್ರು. ಈ ಆಶ್ಲೇಷಕ್ಕೆ ಅರವತ್ತೆರಡು.”

ಇವರು ಅದನ್ನು ಮನಸ್ಸಿನಲ್ಲೇ ಇನ್ನೊಂದು ಸಲ ಕೂಡಿಸಿದ ಹಾಗೆ ಕಂಡಿತು. ತುಟಿ ಅಲುಗುತ್ತಿತ್ತು.

“ಅಪ್ಪ ಹೋದಾಗ ಅವನಿಗೆ ಅರವತ್ತೊಂದು,” ಎಂದರು. “ನನಗಿನ್ನೂ ಎರಡು ವರ್ಷ ಇದೆ ಅಂತಿದ್ದೆ.”

ನರ್ಸ್ ಬಾಗಿಲಿಗೆ ಬಂದು, “ಹತ್ತನೆಯವರು ಏನು ಮಾಡ್ತೀರಿ ಸರ್?” ಎಂದರು. ನಾನು ಇವರ ಕೈ ಹಿಡಿದು, “ನಿಮಗೆ ಹೋಗಲೇಬೇಕು ಅನ್ಸಿದ್ರೆ ಹಾಕಿಸ್ಕೊಳ್ಳಿ. ಪರೀಕ್ಷೆ ಮಾಡಿ ಕೊಡ್ತಾರಂತೆ. ನಾನು ಬೇಡ ಅನ್ನಲ್ಲ,” ಎಂದೆ. ಆ ಕ್ಷಣ ಅದನ್ನು ಮನಸ್ಸಿನಿಂದಲೇ ಹೇಳಿದೆ. ಇವರು ನನ್ನ ಕೈಯನ್ನು ಮೆತ್ತಗೆ ಬಿಡಿಸಿಕೊಂಡು ಎದ್ದು, ನರ್ಸಿಗೆ, “ಬೇಡಮ್ಮ. ನನಗೆ ಅರವತ್ತೆರಡಾಯ್ತು,” ಎಂದರು. ಇವರ ಬಾಯಿಂದ ಆ ಸಂಖ್ಯೆಯನ್ನು ನಾನು ಕೇಳಿದ್ದು ಅದೇ ಮೊದಲು.

ಘಾನಾಗೆ ಫೋನ್ ಮಾಡಿದ್ದು ರೈಲ್ವೆ ಸ್ಟೇಷನ್ನಿನಿಂದ. ಬರಲಾಗುವುದಿಲ್ಲ ಎಂದರು, ಕಾರಣವನ್ನೂ ಮುಚ್ಚಿಡದೆ ಹೇಳಿದರು. ಆ ಕಡೆಯಿಂದ ನಗು ನನಗೂ ಕೇಳಿಸಿತು. “ಅಣ್ಣಾ, ಅದು ಮಿಲ್ಲಲ್ಲಿ ಯಾರಿಗೆ ಗೊತ್ತಿರ್ಲಿಲ್ಲ? ನಂದೂ ಎರಡು ವರ್ಷ ಕಮ್ಮೀನೇ. ಇರ್ಲಿ ಬಿಡಿ, ಮೆಷಿನ್ ಸ್ಟಾರ್ಟ್ ಮಾಡೋವಾಗ ವಿಡಿಯೋ ಕಾಲ್ ಮಾಡ್ತೀನಿ, ನೀವು ನೋಡಿ ಹೇಳಿ.”

“ನೋಡಿ ಹೇಳೋ ಕೆಲ್ಸ ಅಲ್ಲ ಮಾರಾಯ ಅದು,” ಎಂದು ಇವರು ಫೋನ್ ಇಟ್ಟರು.

ರೈಲು ಹತ್ತುವಾಗ ಇವರು ಕಂಬಿ ಹಿಡಿದು, ಒಂದು ಕಾಲಿಟ್ಟು, ಸ್ವಲ್ಪ ನಿಂತು, ಆಮೇಲೆ ಇನ್ನೊಂದು ಕಾಲಿಟ್ಟರು. ಬೆಳಿಗ್ಗೆ ಶಿವಮೊಗ್ಗದಲ್ಲಿ ಇದೇ ಮನುಷ್ಯ ಎರಡು ಬ್ಯಾಗ್ ಹಿಡಿದು ನನಗಿಂತ ಮೊದಲು ಹತ್ತಿ ಒಳಗಿನಿಂದ ಕೈ ಕೊಟ್ಟಿದ್ದರು. ಇವರ ಪ್ರಾಣ ಉಳಿಸಿದೆ ಎಂದುಕೊಳ್ಳಲು ನೋಡಿದೆ. ಇರಬಹುದು. ಆದರೆ ಒಂದೇ ದಿನದಲ್ಲಿ ಮೂರು ವರ್ಷವನ್ನು ಇವರ ಹೆಗಲ ಮೇಲೆ ಹೇರಿದವಳೂ ನಾನೇ. ನಾನು ಕೆಳಗಿನಿಂದ ಇವರ ಬೆನ್ನಿಗೆ ಕೈ ಕೊಟ್ಟೆ. ಇವರು ಬೇಡ ಎನ್ನಲಿಲ್ಲ.